ಬ್ಯಾಂಕ್ ಹಿಡಿದ ತೆರಿಗೆ ಹಣ ವಾಪಸ್ ಪಡೆಯಲು ಕಮಿಷನ್ ಕೊಡಬೇಕಿಲ್ಲ



ಬಟವಾಡೆ ಹಣ ಬಂದಿದೆಯೇ ಎಂದು ನೋಡಲು ಪಾಸ್‌ಬುಕ್ ಎಂಟ್ರಿ ಮಾಡಿಸಿದಾಗ ‘ಟಿಡಿಎಸ್’ ಎಂಬ ಸಾಲಿನಲ್ಲಿ ಹಣ ಕಡಿತವಾಗಿರುವುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಅದು ಹಾಲಿನ ಹಣದಿಂದ ಹಿಡಿದದ್ದಲ್ಲ. ನೀವು ಇಟ್ಟ ಠೇವಣಿಯ ಬಡ್ಡಿಯಿಂದ ಬ್ಯಾಂಕು ಮುಂಗಡವಾಗಿ ಹಿಡಿದು, ನಿಮ್ಮ ಹೆಸರಿನಲ್ಲಿ ಸರ್ಕಾರಕ್ಕೆ ಕಟ್ಟಿದ ಆದಾಯ ತೆರಿಗೆ. ನಿಮ್ಮ ಆದಾಯ ತೆರಿಗೆಯ ಮಿತಿಯೊಳಗಿದ್ದರೆ ಆ ಹಣ ಪೂರ್ತಿ ನಿಮ್ಮದೇ. ಆದರೆ ರಿಟರ್ನ್ ಸಲ್ಲಿಸದೆ ಅದು ತಾನಾಗಿ ಹಿಂದಿರುಗುವುದಿಲ್ಲ.

ಒಂದು ಲೆಕ್ಕ ನೋಡೋಣ. ತವರಿನ ಆಸ್ತಿಯ ಪಾಲಾಗಿ ಬಂದ 8 ಲಕ್ಷ ರೂಪಾಯಿಯನ್ನು ಒಬ್ಬ ಸದಸ್ಯೆ ಬ್ಯಾಂಕಿನಲ್ಲಿ ಇಟ್ಟಿದ್ದಾರೆ, ವರ್ಷಕ್ಕೆ 56,000 ರೂ. ಬಡ್ಡಿ ಬಂತು ಎಂದುಕೊಳ್ಳಿ. 2025ರ ಏಪ್ರಿಲ್ 1ರಿಂದ, 60 ವರ್ಷ ತುಂಬದವರ ಬಡ್ಡಿ ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 50,000 ರೂ. ದಾಟಿದರೆ ಶೇ. 10ರಂತೆ ಕಡಿತವಾಗುತ್ತದೆ. 60 ತುಂಬಿದವರಿಗೆ ಈ ಮಿತಿ 1 ಲಕ್ಷ. ಹಾಗಾಗಿ ಈ ಸದಸ್ಯೆಗೆ 5,600 ರೂ. ಹೋಯಿತು. ಪಾನ್ ಸಂಖ್ಯೆ ಕೊಡದಿದ್ದರೆ ಅಥವಾ ಪಾನ್‌ಗೆ ಆಧಾರ್ ಜೋಡಣೆಯಾಗದೆ ಅದು ನಿಷ್ಕ್ರಿಯವಾಗಿದ್ದರೆ ಕಡಿತ ಶೇ. 20, ಅಂದರೆ 11,200 ರೂ. ಎಷ್ಟು ಮೂಟೆ ಹಿಂಡಿ ಬರುತ್ತದೆ ಎಂದು ನೀವೇ ಲೆಕ್ಕ ಹಾಕಿ!

ಇನ್ನು ಹಾಲಿನ ಹಣ. ‘ಡೇರಿ ಹಾಲಿಗೆ ತೆರಿಗೆ ಇಲ್ಲ’ ಎಂಬ ಮಾತು ಹಳ್ಳಿಗಳಲ್ಲಿ ಓಡಾಡುತ್ತದೆ. ಅದು ಅರ್ಧ ಸತ್ಯ. ಸದಸ್ಯರ ಹಾಲನ್ನು ಒಕ್ಕೂಟಕ್ಕೆ ಕೊಟ್ಟು ಸಂಘ ಗಳಿಸುವ ಲಾಭಕ್ಕೆ ವಿನಾಯಿತಿ ಇದೆ, ನಿಜ. ಅದು ಸಂಘಕ್ಕೆ ಸಿಗುವ ವಿನಾಯಿತಿ, ನಿಮಗಲ್ಲ. ನಿಮ್ಮ ಹೊಲದ ರಾಗಿಯ ಆದಾಯ ಕೃಷಿ ಆದಾಯ, ಅದಕ್ಕೆ ತೆರಿಗೆ ಇಲ್ಲ. ಹಸು ಕಟ್ಟಿ ಹಾಲು ಮಾರಿದ್ದನ್ನು ಕಾನೂನು ಕೃಷಿ ಎನ್ನುವುದಿಲ್ಲ, ವ್ಯಾಪಾರ ಎನ್ನುತ್ತದೆ. ಸಗಣಿ ಬಾಚಿ, ಹುಲ್ಲು ಕೊಯ್ದು ಮಾಡುವ ಕೆಲಸಕ್ಕೆ ವ್ಯಾಪಾರ ಎಂಬ ಹೆಸರು ಕೇಳಲು ವಿಚಿತ್ರವೇ. ಏನೇ ಇರಲಿ, ಗಾಬರಿ ಬೇಡ. ಬ್ಯಾಂಕ್ ಖಾತೆಗೆ ಬಂದ ಹಾಲಿನ ಹಣವೆಲ್ಲ ಆದಾಯವಲ್ಲ. ಹಿಂಡಿ, ಬೂಸಾ, ಮೇವು, ಔಷಧಿಯ ಖರ್ಚು ಕಳೆದು ಉಳಿದದ್ದು ಮಾತ್ರ ಆದಾಯ. ಲೆಕ್ಕದ ಪುಸ್ತಕ ಇಡದ ಸಣ್ಣ ವ್ಯಾಪಾರದವರಿಗೆ ಸರಳ ದಾರಿಯೊಂದಿದೆ: ಬ್ಯಾಂಕ್ ಮೂಲಕ ಬಂದ ಒಟ್ಟು ಹಣದ ಕನಿಷ್ಠ ಶೇ. 6ರಷ್ಟನ್ನು ಲಾಭವೆಂದು ತೋರಿಸಬಹುದು. ನಿಜವಾಗಿ ಹೆಚ್ಚು ಉಳಿದಿದ್ದರೆ ಹೆಚ್ಚನ್ನೇ ತೋರಿಸಬೇಕು.

ಮೇಲಿನ ಸದಸ್ಯೆಗೆ ಖರ್ಚೆಲ್ಲ ಕಳೆದು ಹಾಲಿನಿಂದ 1 ಲಕ್ಷ ಉಳಿದಿದೆ ಎಂದೇ ಇಟ್ಟುಕೊಳ್ಳಿ. ಬಡ್ಡಿ ಸೇರಿಸಿದರೆ 1,56,000 ರೂ. ಹೊಸ ಪದ್ಧತಿಯಲ್ಲಿ 2025-26ನೇ ಸಾಲಿಗೆ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಹಾಗಾಗಿ 5,600 ರೂ. ಪೂರ್ತಿ ವಾಪಸ್ ಬರಬೇಕು. (4 ಲಕ್ಷ ದಾಟಿದವರು, ರಿಯಾಯಿತಿಯಿಂದಾಗಿ ತೆರಿಗೆ ಬೀಳದಿದ್ದರೂ, ರಿಟರ್ನ್ ಸಲ್ಲಿಸಲೇಬೇಕು.)

ಇಲ್ಲಿಯೇ ಮಧ್ಯವರ್ತಿಗಳು ಬರುತ್ತಾರೆ. ‘ನಿಮ್ಮ ಹಣ ಬಿಡಿಸಿಕೊಡುತ್ತೇನೆ, ಬಂದದ್ದರಲ್ಲಿ ಇಷ್ಟು ಪಾಲು ಕೊಡಿ’ ಎನ್ನುತ್ತಾರೆ. ಆದಾಯ ತೆರಿಗೆ ಇಲಾಖೆಯ ಜಾಲತಾಣದಲ್ಲಿ ರಿಟರ್ನ್ ಸಲ್ಲಿಸಲು ಒಂದು ರೂಪಾಯಿ ಶುಲ್ಕವೂ ಇಲ್ಲ. ಸಂದೇಹವಿದ್ದರೆ ಇಲಾಖೆಯ ಉಚಿತ ಸಹಾಯವಾಣಿ 1800 103 0025ಕ್ಕೆ ಕರೆ ಮಾಡಿ ಕೇಳಬಹುದು. ಅಂದ ಹಾಗೆ, ಇಡೀ ದೇಶದ ರಿಟರ್ನ್‌ಗಳನ್ನು ಪರಿಶೀಲಿಸುವ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ.

ಕಂಪ್ಯೂಟರ್ ಮುಂದೆ ಕೂತು ತುಂಬಿಕೊಡುವವರು ಬೇಕಲ್ಲ ಎನ್ನುತ್ತೀರಿ. ನಿಮ್ಮ ಊರಿನಲ್ಲೇ ಬಿ.ಕಾಂ. ಓದುವ ಮಕ್ಕಳಿರಬಹುದು. ಅಮೆರಿಕದಲ್ಲಿ 1969ರಿಂದಲೂ ಇಂಥ ಏರ್ಪಾಡು ನಡೆದಿದೆ. ಕಾಲೇಜು ವಿದ್ಯಾರ್ಥಿಗಳೂ ಇತರ ಸ್ವಯಂಸೇವಕರೂ ತೆರಿಗೆ ಇಲಾಖೆಯ ಪರೀಕ್ಷೆ ಪಾಸು ಮಾಡಿ, ಕಡಿಮೆ ಆದಾಯದ ದುಡಿಯುವ ಜನರ ರಿಟರ್ನ್ ತುಂಬಿಕೊಡುತ್ತಾರೆ. ಹಣ ಮುಟ್ಟುವಂತಿಲ್ಲ. ಒಬ್ಬರು ತುಂಬಿದ್ದನ್ನು ಇನ್ನೊಬ್ಬರು ನೋಡಿದ ಮೇಲೆಯೇ ಸಲ್ಲಿಕೆ. ನಮ್ಮ ಸಂಘಗಳಲ್ಲೂ ಇದು ಆಗಬಹುದು. ಮುಂದಿನ ಸಭೆಯಲ್ಲಿ ಅಧ್ಯಕ್ಷರನ್ನು, ಕಾರ್ಯದರ್ಶಿಯನ್ನು ಕೇಳಿ: ಜೂನ್ ಅಥವಾ ಜುಲೈನಲ್ಲಿ ಒಂದು ಭಾನುವಾರ ಹತ್ತಿರದ ಕಾಲೇಜಿನ ವಾಣಿಜ್ಯ ವಿಭಾಗದ ಅಧ್ಯಾಪಕರನ್ನೂ ಮಕ್ಕಳನ್ನೂ ಸಂಘಕ್ಕೆ ಕರೆಸಲಾದೀತೇ? ಅಧ್ಯಾಪಕರು ಜೊತೆಗಿರುವುದು ಮುಖ್ಯ. ಹಾಲಿನ ಆದಾಯ ಇರುವವರಿಗೆ ಸಂಬಳದಾರರ ‘ಸಹಜ್’ ಫಾರಂ ಆಗದು, ‘ಸುಗಮ್’ ಬೇಕು. ನಿಮ್ಮ ಹೆಸರಿನ ಜಮೀನಿನಿಂದ ವರ್ಷಕ್ಕೆ 5,000 ರೂ. ಮೀರಿ ಕೃಷಿ ಆದಾಯವಿದ್ದರೆ ಅದೂ ಸಾಲದು, ಬೇರೆ ಫಾರಂ. ಇಂಥ ಕಡೆ ಮಕ್ಕಳು ಎಡವುತ್ತಾರೆ.

ಹೋಗುವಾಗ ಪಾನ್, ಆಧಾರ್, ಬ್ಯಾಂಕ್ ಪಾಸ್‌ಬುಕ್, ಠೇವಣಿಯ ಬಡ್ಡಿ ಪತ್ರ ಮತ್ತು ಸಂಘದಿಂದ ವರ್ಷದ ಹಾಲಿನ ಹಣದ ವಿವರ ಒಯ್ಯಿರಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ನಿಮ್ಮ ಕೈಯಲ್ಲೇ ಇರಲಿ, ಮಗನ ಜೊತೆ ಪಟ್ಟಣಕ್ಕೆ ಹೋಗಿರುವುದು ಬೇಡ. ಓಟಿಪಿಯನ್ನು ಎದುರಿಗೆ ಕೂತು ನೀವೇ ಒತ್ತಿ. ಫೋನಿನಲ್ಲಿ ಕೇಳಿದವರಿಗೆ, ‘ರೀಫಂಡ್ ಬಂದಿದೆ, ಲಿಂಕ್ ಒತ್ತಿ’ ಎಂದು ಸಂದೇಶ ಕಳಿಸಿದವರಿಗೆ ಕೊಡಬೇಡಿ. ಖಾತೆ ತೆರೆಯುವಾಗ ತುಂಬಿಕೊಡುವವರು ತಮ್ಮದೇ ಮೊಬೈಲ್ ಸಂಖ್ಯೆ ಹಾಕಿಬಿಡುವುದುಂಟು. ಆಗ ಇಲಾಖೆ ಕಳಿಸುವ ಮಾಹಿತಿ ನಿಮಗೆ ತಲುಪುವುದೇ ಇಲ್ಲ. ನಿಮ್ಮ ಸಂಖ್ಯೆಯೇ ಇದೆಯೇ ಎಂದು ನೋಡಿ. ಸಲ್ಲಿಸಿದ 30 ದಿನದೊಳಗೆ ಇ-ದೃಢೀಕರಣ ಆಗದಿದ್ದರೆ ಮಾಡಿದ ಕೆಲಸವೆಲ್ಲ ವ್ಯರ್ಥವಾಗಬಹುದು. ಅದನ್ನು ಅಲ್ಲೇ, ಎದ್ದು ಬರುವ ಮೊದಲೇ ಮಾಡಿಸಿ.

ಜುಲೈ ಒಳಗೆ ಮುಗಿಸಿದರೆ ನೆಮ್ಮದಿ. ಹೇಗಿದ್ದರೂ ಡಿಸೆಂಬರ್ 31 ದಾಟಿಸಬೇಡಿ. ಆಮೇಲೆ ವಾಪಸ್ ಕೇಳಲು ತಡವಾದ ಕಾರಣ ಬರೆದು ಇಲಾಖೆಯ ಅನುಮತಿ ಪಡೆಯಬೇಕಾಗುತ್ತದೆ. ಮುಂದಿನ ವರ್ಷ ಕಡಿತವೇ ಆಗಬಾರದೆಂದರೆ ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಹೋಗಿ, ‘ನನ್ನ ಆದಾಯ ತೆರಿಗೆ ಮಿತಿಯೊಳಗಿದೆ’ ಎಂಬ ಘೋಷಣಾ ಪತ್ರ ಕೊಡಿ. ‘15ಜಿ’ ಎಂದು ಕೇಳಿದರೆ ಬ್ಯಾಂಕಿನವರಿಗೆ ತಿಳಿಯುತ್ತದೆ. ಪ್ರತಿ ವರ್ಷ, ಠೇವಣಿ ಇರುವ ಪ್ರತಿ ಬ್ಯಾಂಕಿಗೂ ಬೇರೆ ಬೇರೆ ಕೊಡಬೇಕು.