ಅಮ್ಮಾ, ಒಂದಕ್ಕೆ! – ಮಕ್ಕಳ ಜೊತೆ ಮೈಸೂರಿನಲ್ಲಿ ಎರಡು ದಿನ

ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಮಹಾರಾಣಿಯವರ ಸಲೂನ್ ಗಾಡಿಯ ಪಕ್ಕ ನಾವು ನಿಂತಿದ್ದು ಪೂರಾ ನಲವತ್ತು ನಿಮಿಷ. ಆರು ವರ್ಷದ ಮಗಳನ್ನು ಅಷ್ಟು ಹೊತ್ತೂ ಸರದಿಯ ಮೇಲೆ ಎತ್ತಿ ಹಿಡಿದಿದ್ದ ನನ್ನ ಮತ್ತು ನನ್ನ ಗಂಡನ ಸೊಂಟವೇ ಅದಕ್ಕೆ ಸಾಕ್ಷಿ. ಕಿಟಕಿಗೆ ಮೂಗು ಒತ್ತಿಕೊಂಡು ಅವಳು ಒಳಗೆ ಕಂಡದ್ದನ್ನೆಲ್ಲ ನೋಡಿದಳು. ಊಟದ ವ್ಯವಸ್ಥೆ, ಅಡುಗೆಗೆ ಬೇರೆ ಜಾಗ ಎಂದೆಲ್ಲ ನಾನು ವಿವರಿಸಿದೆ. ಅದ್ಯಾವುದೂ ಅವಳ ತಲೆಗೆ ಹೋಗಲಿಲ್ಲ. ಹೋದದ್ದು ಒಂದೇ ಸುದ್ದಿ: ಈ ಗಾಡಿಯಲ್ಲಿ ಕಕ್ಕಸ್ಸೂ ಇತ್ತಂತೆ.

"ರಾಣಿಗೂ ಬರತ್ತಾ?" ಎಂದಳು.

"ಏನು ಬರತ್ತಾ?"

"ಒಂದಕ್ಕೆ."

ನಮ್ಮ ಹಿಂದೆ ನಿಂತಿದ್ದ ಬಿಳಿ ಪಂಚೆಯ ಹಿರಿಯರೊಬ್ಬರು "ಬರ್ದೇ ಇರತ್ತಾ ಮಗಾ, ರಾಣಿಯಾದ್ರೆ ಏನಂತೆ" ಎಂದು ನಗುತ್ತಾ ಮುಂದೆ ಹೋದರು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಮೂರು ವರ್ಷದ ಮಗನಿಗೂ ಬಂದೇ ಬಿಟ್ಟಿತು. ಅಪ್ಪ ಮಗ ಇಬ್ಬರೂ ಓಡಿದರು.

ಎರಡು ದಿನ ಬಿಡುವು ಸಿಕ್ಕಿದರೆ ಮಕ್ಕಳನ್ನು ಕಟ್ಟಿಕೊಂಡು ಮೈಸೂರಿಗೆ ಹೋಗಿ ಬರುವುದು ಬೆಂಗಳೂರಿನ ಮನೆಗಳಲ್ಲಿ ಹೊಸದೇನಲ್ಲ. ಬಂದ ಮೇಲೆ ಒಂದು ವಾರ ಸುಧಾರಿಸಿಕೊಳ್ಳುವುದೂ ಹೊಸದಲ್ಲ. ಹೋದ ವರ್ಷ ನಾವೂ ಹಾಗೇ ಮಾಡಿದ್ದೆವು. ಬೆಳಿಗ್ಗೆ ಆರಕ್ಕೆ ಕಾರು ಹತ್ತಿ ಚಾಮುಂಡಿ ಬೆಟ್ಟ, ಝೂ, ಅರಮನೆ, ಸಂಜೆಗೆ ಬೃಂದಾವನ, ಎಲ್ಲಾ ಒಂದೇ ದಿನ. ಪಟ್ಟಿಯಲ್ಲಿದ್ದದ್ದೆಲ್ಲ ಮುಗಿಯಿತು, ಜೊತೆಗೆ ನಾವೂ ಮುಗಿದೆವು. ಬೃಂದಾವನದಲ್ಲಿ ಕಾರಂಜಿ ಕುಣಿಯುವ ಹೊತ್ತಿಗೆ ದೊಡ್ಡವಳು ನೆಲಕ್ಕೆ ಬಿದ್ದು ಹೊರಳಾಡುತ್ತಿದ್ದಳು, ಚಿಕ್ಕವನ ಎರಡನೇ ಚಡ್ಡಿಯೂ ಒದ್ದೆಯಾಗಿತ್ತು, ನಾವು ಗಂಡ ಹೆಂಡತಿ ಮಾತು ಬಿಟ್ಟಿದ್ದೆವು. ಹೋಗುವಾಗ ದಾರಿ ಬದಿಯ ಹೋಟೆಲೊಂದರಲ್ಲಿ ಕಕ್ಕಸ್ಸಿನ ಬೀಗದ ಕೈ ಗಲ್ಲಾದವರ ಹತ್ತಿರ ಇತ್ತು. ಮೊದಲು ಬಿಲ್ಲು, ಆಮೇಲೆ ಬೀಗ. ಎರಡು ವರ್ಷದ ಮಗುವಿಗೆ ಆ ಕಾನೂನು ಅರ್ಥ ಮಾಡಿಸಿ ನೋಡಿ.

ಹಾಗಾಗಿ ಈ ಸಲ ಪಟ್ಟಿಯನ್ನೇ ಮಾಡಲಿಲ್ಲ. ಮೂರೇ ಪ್ರಶ್ನೆ ಇಟ್ಟುಕೊಂಡೆ. ಕಕ್ಕಸ್ಸು ಎಲ್ಲಿದೆ? ನೆರಳು ಎಲ್ಲಿದೆ? ಮಧ್ಯಾಹ್ನ ಒಂದೂವರೆಗೆ ಮಕ್ಕಳನ್ನು ಮಲಗಿಸಲು ರೂಮು ಎಷ್ಟು ದೂರ? ಮೂರಕ್ಕೂ ಉತ್ತರ ಸಿಗದ ಜಾಗ ಎಷ್ಟೇ ಪ್ರಸಿದ್ಧವಾಗಿದ್ದರೂ ಬೇಡ. ಅರ್ಧ ದಿನಕ್ಕೆ ಒಂದೇ ಜಾಗ. "ಹಾಗಾದ್ರೆ ಮನೇಲೇ ಇರಬಹುದಲ್ಲ" ಎಂದು ನನ್ನ ಗಂಡ ಗೊಣಗಿದ್ದೂ ನಿಜ.

ಮೊದಲ ಪ್ರಶ್ನೆಗೇ ಕಾರು ಫೇಲಾಯಿತು. ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಒಂದೂವರೆ ಗಂಟೆಗೆಲ್ಲ ಮೈಸೂರು ಎಂದು ಜಂಬ ಕೊಚ್ಚುವವರಿದ್ದಾರೆ. ಅವರ ಹಿಂದಿನ ಸೀಟಿನಲ್ಲಿ ಮೂರು ವರ್ಷದವರು ಕೂತಿರುವುದಿಲ್ಲ. ರೈಲಿಗೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು, ಆದರೆ ಆ ಹೊತ್ತಿನ ತುಂಬ ಮಕ್ಕಳು ಎದ್ದು ಓಡಾಡಬಹುದು. ಕೆಂಗೇರಿ ದಾಟುವಷ್ಟರಲ್ಲಿ ನಮ್ಮದು ಎರಡು ಸಲ ಕಕ್ಕಸ್ಸಿಗೆ ಹೋಗಿ ಬಂದಾಗಿತ್ತು, ಅದರಲ್ಲಿ ಒಂದು ಸಲ ಬರೀ ನೋಡಿಕೊಂಡು ಬರಲು. ಮದ್ದೂರು ವಡೆಯಲ್ಲಿ ಅರ್ಧ ಗಂಟೆ ಕಳೆಯಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿ ಕಂಡಾಗ ಇಬ್ಬರೂ ಕಿಟಕಿಗೆ ಜಗಳವಾಡಿದರು. ಇಳಿಯುವ ಹೊತ್ತಿಗೆ ಪ್ರವಾಸದ ಅರ್ಧ ಮಜಾ ಮುಗಿದೇ ಹೋಗಿತ್ತು.

ಹೊರಟದ್ದು ಭಾನುವಾರ ಬೆಳಿಗ್ಗೆ, ವಾಪಸು ಬಂದದ್ದು ಸೋಮವಾರ ರಾತ್ರಿ. ಎಲ್ಲರೂ ಶನಿವಾರ ಹೋಗಿ ಭಾನುವಾರ ಬರುತ್ತಾರೆ. ಒಂದು ದಿನ ಜಾರಿಸಿಕೊಂಡರೆ ಊರು ಖಾಲಿಯಾಗುವ ಹೊತ್ತಿಗೆ ನಾವು ಅಲ್ಲಿರುತ್ತೇವೆ. ಒಂದನೇ ಕ್ಲಾಸಿನಲ್ಲಿ ಒಂದು ದಿನ ತಪ್ಪಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ. ಮಂಗಳವಾರಕ್ಕೆ ಮಾತ್ರ ಜಾರಿಸಬೇಡಿ, ಅವತ್ತು ಝೂಗೆ ರಜೆ.

ರೈಲು ಮ್ಯೂಸಿಯಂ ಇರುವುದು ಕೆಆರ್‌ಎಸ್ ರಸ್ತೆಯಲ್ಲಿ, ಸಿಎಫ್‌ಟಿಆರ್‌ಐ ಎದುರು. ಸ್ಟೇಷನ್ನಿಗೆ ಎಷ್ಟು ಹತ್ತಿರವೆಂದರೆ ಆಟೋದವರು ಮುಖ ಸಿಂಡರಿಸುತ್ತಾರೆ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂ ಶುರುವಾದದ್ದು 1977ರಲ್ಲಿ, ಇದು 1979ರಲ್ಲಿ. ಅರಮನೆಗೆ ಹೋಗುವ ಜನರಲ್ಲಿ ಹತ್ತನೇ ಒಂದು ಪಾಲೂ ಈ ಕಡೆ ತಲೆ ಹಾಕುವುದಿಲ್ಲ ಎಂದು ನನ್ನ ಗುಮಾನಿ, ಹಾಗೇ ಇರಲಿ ಎಂದು ಸ್ವಾರ್ಥದ ಆಸೆ. ಬಯಲಲ್ಲಿ ನಿಂತ ಹಳೇ ಉಗಿ ಎಂಜಿನ್ನುಗಳಿವೆ. ರಸ್ತೆಗೆಂದು ಹುಟ್ಟಿ ಆಮೇಲೆ ರೈಲಿನ ಚಕ್ರ ಹಾಕಿಸಿಕೊಂಡು ಹಳಿ ತಪಾಸಣೆಗೆ ಹೋದ ಆಸ್ಟಿನ್ ಕಾರು ಇದೆ. ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸುವ ಪುಟಾಣಿ ರೈಲಿದೆ. ಇಷ್ಟೆಲ್ಲ ಬಿಟ್ಟು ನನ್ನ ಮಗಳು ಹಿಡಿದದ್ದು ಕಕ್ಕಸ್ಸನ್ನು. ಮನೆಗೆ ಬಂದ ಮೇಲೆ ನಾನೂ ಅದನ್ನೇ ಹಿಡಿದೆ.

ಸಲೂನ್ 1899ರದ್ದು. ಬೆಂಗಳೂರಿನಿಂದ ಹೊರಟ ಮೀಟರ್ ಗೇಜ್ ಹಳಿ ಮೈಸೂರು ಮುಟ್ಟಿದ್ದು 1882ರಲ್ಲಿ. ಅಂದರೆ ಆಗಿನ್ನೂ ರೈಲು ಈ ಊರಿಗೆ ಬಂದು ಹದಿನೇಳು ವರ್ಷ. ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ಕಲ್ಕತ್ತದಲ್ಲಿ ತೀರಿಕೊಂಡಾಗ ಮಗ ನಾಲ್ವಡಿ ಕೃಷ್ಣರಾಜರಿಗೆ ಹತ್ತೇ ವರ್ಷ. 1902ರವರೆಗೆ ರಾಜ್ಯ ನಡೆಸಿದವರು ತಾಯಿ, ವಾಣಿ ವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು. ಹಾಗಾಗಿ 'ಮಹಾರಾಣಿಯವರ ಸಲೂನ್' ಎಂದ ಕೂಡಲೇ ನನ್ನ ಕಣ್ಣಿಗೆ ಕಟ್ಟುವುದು ಅವರೇ: ಒಂದು ಕೈಯಲ್ಲಿ ರಾಜ್ಯ, ಇನ್ನೊಂದು ಕೈಯಲ್ಲಿ ಮಕ್ಕಳು. ಮಕ್ಕಳನ್ನು ಕಟ್ಟಿಕೊಂಡು ಪ್ರಯಾಣ ಮಾಡಿದ ಯಾವ ತಾಯಿಗೂ ಅಡುಗೆಮನೆ ಮತ್ತು ಕಕ್ಕಸ್ಸು ಒಂದೇ ಗಾಡಿಯಲ್ಲಿ ಇರುವುದರ ಬೆಲೆ ಗೊತ್ತು. ಅರಮನೆಯ ಚಿನ್ನದ ಅಂಬಾರಿ ನೋಡಿ ನನಗೆ ಹೊಟ್ಟೆ ಉರಿದಿದ್ದಿಲ್ಲ. ಇದನ್ನು ನೋಡಿ ಉರಿಯಿತು.

ಸರಿ, ರಾಣಿಗೆ 1899ರಲ್ಲಿ ಸಿಕ್ಕಿತು. ಮೂರನೇ ದರ್ಜೆಯಲ್ಲಿ ನೂಕಿಕೊಂಡು ಹೋಗುತ್ತಿದ್ದವರಿಗೆ? ಇಲ್ಲಿಗೆ ಓಖಿಲ್ ಚಂದ್ರ ಸೇನ್ ಬರುತ್ತಾರೆ. ರೈಲಿನ ಬಗ್ಗೆ ಬರೆಯುವವರೆಲ್ಲ ಇವರ ಕಥೆ ಹೇಳಿ ಹೇಳಿ ಸವೆಸಿದ್ದಾರೆ, ಆದರೂ ಬಿಡಲು ಮನಸ್ಸಿಲ್ಲ. 1909ರಲ್ಲಿ ಬಂಗಾಳದ ಈ ಪ್ರಯಾಣಿಕ ಸಾಹಿಬ್‌ಗಂಜ್ ರೈಲ್ವೆ ಕಚೇರಿಗೆ ಕಾಗದ ಬರೆದರು. ಹಲಸಿನ ಹಣ್ಣು ತಿಂದು ಹೊಟ್ಟೆ ಉಬ್ಬರಿಸಿದೆ. ಅಹಮದ್‌ಪುರ ಸ್ಟೇಷನ್ನಿನಲ್ಲಿ ಇಳಿದು ಪಾಯಖಾನೆಗೆ ಹೋಗಿದ್ದಾರೆ. ಅಷ್ಟರಲ್ಲಿ ಗಾರ್ಡು ಸೀಟಿ ಊದಿದ್ದಾನೆ. ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಪಂಚೆ ಹಿಡಿದು ಓಡಿ ಬಂದು, ಮುಗ್ಗರಿಸಿ ಬಿದ್ದು, ಪ್ಲಾಟ್‌ಫಾರ್ಮಿನ ಗಂಡಸು ಹೆಂಗಸರಿಗೆಲ್ಲ ಕಾಣಬಾರದ್ದು ಕಂಡಿದೆ. ರೈಲು ಹೊರಟೇ ಹೋಗಿದೆ. ಆ ಗಾರ್ಡಿಗೆ ದಂಡ ಹಾಕಿ, ಇಲ್ಲದಿದ್ದರೆ ಪೇಪರಿಗೆ ಬರೆಯುತ್ತೇನೆ ಎಂಬುದು ಅವರ ತಕರಾರು. ಇಂಗ್ಲಿಷು ಮುರುಕು, ಸಿಟ್ಟು ಮಾತ್ರ ಗಟ್ಟಿ. ಕಾಗದದ ಪ್ರತಿಯನ್ನು ದೆಹಲಿ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ.

ಈ ಕಾಗದದಿಂದಲೇ ಕೆಳ ದರ್ಜೆಯ ಬೋಗಿಗಳಿಗೆ ಕಕ್ಕಸ್ಸು ಬಂತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಪೂರ್ತಿ ನಂಬಿಕೆಯಿಲ್ಲ. ಒಂದು ಕಾಗದಕ್ಕೆ ಸರ್ಕಾರ ಕರಗುವುದಾಗಿದ್ದರೆ ನಮ್ಮ ಬೀದಿಯ ಚರಂಡಿ ಎಂದೋ ಸರಿಯಾಗಬೇಕಿತ್ತು. ನಾನು ನಂಬುವುದು ಹಲಸಿನ ಹಣ್ಣನ್ನು. ಊರಿಂದ ಬರುವಾಗ ಹಲಸಿನ ತೊಳೆ ತಿನ್ನಿಸಿ ಮಕ್ಕಳನ್ನು ಬಸ್ಸು ಹತ್ತಿಸಿದವರು ಯಾರೂ ಆ ಭಾಗವನ್ನು ಅನುಮಾನಿಸಲಾರರು.

ಇಷ್ಟು ಓದಿ ಮಗಳಿಗೆ ಹೇಳಿದರೆ ಅವಳ ಪ್ರಶ್ನೆ ಇನ್ನೊಂದು ಹೆಜ್ಜೆ ಮುಂದೆ: "ಎಂಜಿನ್ ಓಡಿಸೋ ಮಾಮ ಎಲ್ಲಿಗೆ ಹೋಗ್ತಾರೆ?" ನನ್ನ ನಲವತ್ತು ವರ್ಷದ ರೈಲು ಪ್ರಯಾಣದಲ್ಲಿ ಒಮ್ಮೆಯೂ ಹೊಳೆಯದ ಪ್ರಶ್ನೆ ಅದು. ಹುಡುಕಿದೆ. ನಮ್ಮ ದೇಶದಲ್ಲಿ ಜನರನ್ನು ಹೊತ್ತ ಮೊದಲ ರೈಲು ಬೊಂಬಾಯಿಯಿಂದ ಠಾಣೆಗೆ ಹೋದದ್ದು 1853ರಲ್ಲಿ. ಎಂಜಿನ್ನಿನೊಳಗೆ ಜೈವಿಕ ಶೌಚಾಲಯ ಇಡಲು ಶುರು ಮಾಡಿದ್ದು 2016ರಲ್ಲಿ. ನಡುವೆ ನೂರಾ ಅರವತ್ತಮೂರು ವರ್ಷ. ಅಷ್ಟು ಕಾಲ ಡ್ರೈವರುಗಳು ಮುಂದಿನ ಸ್ಟೇಷನ್ನಿನ ದಾರಿ ಕಾಯುತ್ತಾ ಸಿಗ್ನಲ್ ನೋಡುತ್ತಿದ್ದರು. ಮಹಿಳಾ ಚಾಲಕಿಯರ ಪಾಡು ಬೇರೆ ಹೇಳಬೇಕೆ. ಇಂಥದ್ದನ್ನು ಕೇಳಿಸಲು ಆರು ವರ್ಷದವಳೇ ಬೇಕಾಯಿತು.

ಮ್ಯೂಸಿಯಂ ಪುರಾಣ ಸಾಕು. ಮಧ್ಯಾಹ್ನ ರೂಮಿಗೆ ಬಂದು ಮನೆಯಿಂದ ತಂದ ಮೊಸರನ್ನ ತಿನ್ನಿಸಿ ಪರದೆ ಎಳೆದದ್ದೇ, ಇಬ್ಬರೂ ನಾಲ್ಕೂವರೆವರೆಗೆ ಮಿಸುಕಲಿಲ್ಲ. ಪ್ರವಾಸಕ್ಕೆ ಬಂದು ಮಲಗುವುದೇ ಎಂದು ಗೊಣಗಿದ್ದ ನನ್ನ ಗಂಡನೇ ಮೊದಲು ಗೊರಕೆ ಹೊಡೆದದ್ದು. ರೂಮು ಹಿಡಿಯುವಾಗ ಈಜುಕೊಳ, ಬಫೆ ತಿಂಡಿ ಎಂದೆಲ್ಲ ನೋಡುವ ಬದಲು ಸ್ಟೇಷನ್ನಿನಿಂದ ಎಷ್ಟು ದೂರ, ಬಿಸಿನೀರು ಬರುತ್ತದೆಯೇ, ಹೊರಗೆ ಎಷ್ಟು ಗಲಾಟೆ ಎಂದಷ್ಟೇ ಕೇಳಿಕೊಂಡಿದ್ದೆ.

ಸಂಜೆ ದೀಪಕ್ಕೆ ಹೊರಟೆವು. ಭಾನುವಾರ ಸಂಜೆ ಅರಮನೆಯ ಮೈತುಂಬ ಹತ್ತಿರ ಹತ್ತಿರ ಲಕ್ಷ ಬಲ್ಬು ಒಂದೇ ಸಲ ಹತ್ತುತ್ತವೆ. ಇದಕ್ಕಾಗಿ ಅರಮನೆಯ ಒಳಗೆ ಮೂರು ಗಂಟೆ ಬರಿಗಾಲಲ್ಲಿ ಸುತ್ತಿ ಸುಸ್ತಾಗಬೇಕಿಲ್ಲ. ದಾರಿಯಲ್ಲಿ ದೊಡ್ಡ ಗಡಿಯಾರದ ಹತ್ತಿರ ಐದು ನಿಮಿಷ ನಿಂತೆವು. ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ತುಂಬಿದ ನೆನಪಿಗೆ 1927ರಲ್ಲಿ ಕಟ್ಟಿದ್ದು. ಅದರ ಮುಖದ ಮೇಲಿರುವುದು ಕನ್ನಡದ ಅಂಕಿ. ಒಂದನ್ನು ತೋರಿಸಿ ಏನು ಎಂದರೆ ನನ್ನ ಇಂಗ್ಲಿಷ್ ಮೀಡಿಯಂ ಕನ್ನಡತಿ "ಸೊನ್ನೆ" ಎಂದಳು. ನಾನು ನಾಚಿಕೊಂಡು ಅಲ್ಲೇ ಪಾಠ ಶುರು ಮಾಡಿದೆ, ಏಳರ ಹತ್ತಿರ ಅವಳು ಕಡಲೆಕಾಯಿ ಕೇಳಿದಳು, ಪಾಠ ಮುಗಿಯಿತು. ದೀಪ ಹತ್ತಿದಾಗ ಜನರೆಲ್ಲ "ಓ" ಎಂದರಲ್ಲ, ಚಿಕ್ಕವನಿಗೆ ಬಲ್ಬುಗಳಿಗಿಂತ ಆ ಓ ಇಷ್ಟವಾಯಿತು. ಆರಿಸಿ ಇನ್ನೊಂದು ಸಲ ಹಾಕಿ ಎಂದು ಹಟ ಹಿಡಿದ.

ಸೋಮವಾರ ಬೆಳಿಗ್ಗೆ ನಜರ್‌ಬಾದಿನಲ್ಲಿ ಮೈಲಾರಿ ದೋಸೆ. ಮೆತ್ತಗಿನ ದೋಸೆ, ಮೇಲೆ ಬೆಣ್ಣೆ, ಹಾಲು ಹಲ್ಲಿನವರಿಗೆ ಹೇಳಿ ಮಾಡಿಸಿದ ತಿಂಡಿ. ಅಲ್ಲಿಂದ ಝೂ ದೂರವಿಲ್ಲ. 1892ರಷ್ಟು ಹಳೆಯದು, ನೆರಳು ಧಾರಾಳ. ಪೂರ್ತಿ ಸುತ್ತಿದರೆ ಮೂರು ಕಿಲೋಮೀಟರಿಗೂ ಹೆಚ್ಚು ನಡಿಗೆ, ಮಕ್ಕಳನ್ನು ಎತ್ತಿಕೊಂಡರೆ ಅದು ಆರಾಗುತ್ತದೆ. ಅದಕ್ಕೇ ಇಬ್ಬರಿಗೂ ತಲಾ ಒಂದು ಪ್ರಾಣಿ ಆರಿಸಿಕೊಳ್ಳಿ ಎಂದೆವು. ಮಗಳು ಗೊರಿಲ್ಲಾ ಎಂದಳು. ಜರ್ಮನಿಯಿಂದ 2021ರಲ್ಲಿ ಬಂದವುಗಳಲ್ಲಿ ಒಂದು ನಮಗೆ ಬೆನ್ನು ತೋರಿಸಿ ಕೂತಿತ್ತು, ಹಾಗೇ ಕೂತಿತ್ತು. ಮಗ ಕೇಳಿದ್ದು ಜಿರಾಫೆ. ಅದು ನಮ್ಮ ಕಡೆ ತಿರುಗಿ, ಉದ್ದ ಕತ್ತು ಆಡಿಸಿ, ಕಾಲು ಅಗಲಿಸಿ, ಅಷ್ಟೂ ಜನರೆದುರು ಸುರಿಸಲು ಶುರು ಮಾಡಿತು. ಅಷ್ಟು ಎತ್ತರದಿಂದ ಬೀಳುವುದರ ಸದ್ದೇ ಬೇರೆ. ಶಾಲೆಯಿಂದ ಬಂದಿದ್ದ ಹುಡುಗರ ಗುಂಪು ಕೇಕೆ ಹಾಕಿತು, ಮೇಷ್ಟ್ರು ಗದರಲು ಹೋಗಿ ತಾವೇ ನಕ್ಕುಬಿಟ್ಟರು. ನನ್ನ ಮಗ ಮಾತ್ರ ನಗಲಿಲ್ಲ. ಗಂಭೀರವಾಗಿ ನನ್ನ ಸೆರಗು ಎಳೆದ. ಗೊತ್ತಾಯಿತಲ್ಲ.

ಎರಡು ಪ್ರಾಣಿಗೆ ಎರಡು ಗಂಟೆ ಸಾಕಾಯಿತು. ಪಕ್ಕದ ಕಾರಂಜಿ ಕೆರೆಗೆ ಹೋಗುವ ಯೋಚನೆಯಿತ್ತು, ಬಿಸಿಲು ನೋಡಿ ಬಿಟ್ಟೆವು. ರೂಮು, ಅನ್ನ ಸಾರು, ನಿದ್ದೆ, ಸಂಜೆಯ ರೈಲು. ಚಾಮುಂಡಿ ಬೆಟ್ಟ, ಬೃಂದಾವನ, ದೇವರಾಜ ಮಾರ್ಕೆಟ್ಟು ಯಾವುದೂ ಆಗಲಿಲ್ಲ. "ಅಷ್ಟು ದೂರ ಹೋಗಿ ಚಾಮುಂಡಿಗೆ ಕೈ ಮುಗಿಯದೆ ಬಂದ್ರಾ?" ಎಂದು ನಮ್ಮತ್ತೆ ಫೋನಿನಲ್ಲಿ ಕೇಳಿದರು. ಅದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ಕೆಳಗಿನಿಂದಲೇ ಕೈ ಮುಗಿದೆವು ಅತ್ತೆ ಎಂದೆ.

ಈಗ ಮನೆಯಲ್ಲಿ ದಿನಾ ಸಂಜೆ ರೈಲಿನ ಆಟ. ಊಟದ ಮನೆಯ ಕುರ್ಚಿಗಳೆಲ್ಲ ಹಜಾರದಲ್ಲಿ ಸಾಲಾಗಿ ನಿಲ್ಲುತ್ತವೆ. ತಮ್ಮ ಎಂಜಿನ್, ಅಪ್ಪ ಗಾರ್ಡು, ನನಗೆ ಟಿಕೆಟ್ಟಿಲ್ಲ. ಮಗಳು ತಲೆಗೆ ನನ್ನ ದುಪಟ್ಟ ಸುತ್ತಿಕೊಂಡು ಮಹಾರಾಣಿ. ಎಂಜಿನ್ನಿನ ಪಕ್ಕದಲ್ಲೇ ಬಚ್ಚಲಿನ ಪ್ಲಾಸ್ಟಿಕ್ ಮಣೆಯೊಂದನ್ನು ಇಟ್ಟಿದ್ದಾಳೆ. ಅದು ರಾಣಿಗಲ್ಲವಂತೆ, ಓಡಿಸೋ ಮಾಮನಿಗಂತೆ.