ಪ್ಲಗ್ ಹಾಕಿದ್ರೂ ಚಾರ್ಜ್ ಇಲ್ಲ!

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ವೈಟ್‌ಫೀಲ್ಡ್‌ನ ಕಂಪನಿಯೊಂದರ ಆನ್‌ಲೈನ್ ಸಂದರ್ಶನ. ಹಿಂದಿನ ದಿನ ಮಧ್ಯಾಹ್ನ ನನ್ನ ಲ್ಯಾಪ್‌ಟಾಪ್, ಚಾರ್ಜರ್ ಸಿಕ್ಕಿಸಿದ್ದರೂ ಚಾರ್ಜ್ ಆಗುತ್ತಿಲ್ಲ ಎಂದು ತೋರಿಸುತ್ತಿತ್ತು. ಬ್ಯಾಟರಿ ಶೇ 9!

ತಪ್ಪು ನನ್ನದೇ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿತ್ತು. ಆಗಿನಿಂದ ನಾಳೆ ನಾಳೆ ಅಂತ ಮುಂದೂಡಿದವನು, ಸಂದರ್ಶನಕ್ಕೆ ಎಲ್ಲಾ ಸರಿಯಿರಲಿ ಎಂದು ಹಿಂದಿನ ರಾತ್ರಿಯೇ ವಿಂಡೋಸ್ 11 ಹಾಕಿಕೊಂಡಿದ್ದೆ. ಪರೀಕ್ಷೆಯ ಹಿಂದಿನ ದಿನ ಹೊಸ ಪೆನ್ನು ಕೊಳ್ಳುವ ಬುದ್ಧಿ!

ಚಾರ್ಜರ್ ಹಾಕಿಟ್ಟುಕೊಂಡೇ ಸಂದರ್ಶನ ಕೊಡಬಹುದಿತ್ತು. ಆದರೆ ನಾನಿರುವುದು ಪೀಣ್ಯ ಎರಡನೇ ಹಂತದ ಪಿ.ಜಿ.ಯಲ್ಲಿ. ಕರೆಂಟ್ ಒಂದು ಕ್ಷಣ ಕಣ್ಣು ಮಿಟುಕಿಸಿದರೂ ಸ್ಕ್ರೀನಿನಿಂದ ನಾನು ಮಾಯ. ರಿಪೇರಿ ಅಂಗಡಿಗೆ ಓಡಿದೆ. ಅವರು ಲ್ಯಾಪ್‌ಟಾಪ್ ತಿರುಗಿಸಿಯೂ ನೋಡದೆ, ‘ಬೋರ್ಡ್ ಹೋಗಿದೆ. ಆರು ಸಾವಿರ ಆಗುತ್ತೆ, ಮೂರು ದಿನ ಬಿಟ್ಟು ಬನ್ನಿ’ ಅಂದರು. ತಿಪಟೂರಿನಲ್ಲಿ ಅಪ್ಪ ಕೊಬ್ಬರಿ ಮಾರಿ ಕೊಡಿಸಿದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಅದು. ಫೋನಿನಲ್ಲಿ ಅಪ್ಪನ ನಂಬರಿನವರೆಗೆ ಹೋಗಿ, ಒತ್ತದೆ ವಾಪಸ್ ಬಂದೆ.

ರೂಮಿನಲ್ಲಿ ಫಸ್ಟ್ ಶಿಫ್ಟ್ ಮುಗಿಸಿ ಬಂದ ರೂಮ್‌ಮೇಟ್ ಮಲಗಿದ್ದ. ಐಟಿಐ ಓದಿ, ಇಲ್ಲಿನ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ನೋಡಿಕೊಳ್ಳುವವನು. ಲ್ಯಾಪ್‌ಟಾಪ್ ಅವನಿಗೆ ಅಷ್ಟಕ್ಕಷ್ಟೆ. ಆದರೂ ಕಣ್ಣು ಬಿಡದೆಯೇ ಕೇಳಿದ: ‘ಮಗಾ, ಆಫ್ ಮಾಡಿ ಚಾರ್ಜಿಗೆ ಹಾಕಿ ನೋಡಿದ್ಯಾ? ಮೋಟರ್ ತಿರುಗ್ಲಿಲ್ಲ ಅಂದ್ರೆ ನಾವು ಮೊದ್ಲೇ ಮೋಟರ್ ಬಿಚ್ಚಲ್ಲ. ಸಪ್ಲೈ ಬರ್ತಿದ್ಯಾ, ಕಂಟ್ರೋಲ್ ಸರಿಯಿದ್ಯಾ ನೋಡ್ತೀವಿ.’

ಬಿಸಿಎ ಓದಿದ ನನಗೆ ಹೊಳೆದಿರಲಿಲ್ಲ! ಪೂರ್ತಿ ಶಟ್‌ಡೌನ್ ಮಾಡಿ ಚಾರ್ಜಿಗಿಟ್ಟೆ. ಮುಕ್ಕಾಲು ಗಂಟೆ ಬಿಟ್ಟು ಆನ್ ಮಾಡಿದರೆ ಶೇ 38. ಆನ್ ಆದದ್ದೇ ಮತ್ತೆ ಏರಿಕೆ ನಿಂತಿತು. ಲ್ಯಾಪ್‌ಟಾಪ್ ಆಫ್ ಇದ್ದಾಗ ಚಾರ್ಜಿಂಗ್ ನೋಡಿಕೊಳ್ಳುವುದು ಒಳಗಿನ ಪುಟ್ಟ ಕಂಟ್ರೋಲರ್. ಆಪರೇಟಿಂಗ್ ಸಿಸ್ಟಂಗೆ ಅಲ್ಲಿ ಕೆಲಸವೇ ಇಲ್ಲ. ಅಂದರೆ ಚಾರ್ಜರ್, ಪಿನ್, ಬ್ಯಾಟರಿ ಎಲ್ಲ ಜೀವಂತ. ಮುನಿಸು ಇದ್ದದ್ದು ಸಾಫ್ಟ್‌ವೇರ್ ಜೊತೆ. ಆಫ್ ಇದ್ದಾಗಲೂ ಏರದಿದ್ದರೆ ಮಾತು ಬೇರೆ. ಆಗ ಅಷ್ಟೇ ವ್ಯಾಟ್‌ನ ಇನ್ನೊಂದು ಚಾರ್ಜರ್ ಹಾಕಿ ನೋಡಬೇಕು. ಬ್ಯಾಟರಿ ಉಬ್ಬಿದ್ದರಂತೂ ಮುಟ್ಟಲೇಬಾರದು.

ಮುಂದಿನದು ಹತ್ತು ನಿಮಿಷದ ಕೆಲಸ. ಡಿವೈಸ್ ಮ್ಯಾನೇಜರ್ ತೆರೆದು, ‘ಬ್ಯಾಟರೀಸ್’ ಕೆಳಗೆ ‘ಎಸಿಪಿಐ’ ಎಂದು ಬರೆದಿದ್ದ ಬ್ಯಾಟರಿಯ ಸಾಲನ್ನು ಅನ್‌ಇನ್‌ಸ್ಟಾಲ್ ಮಾಡಿದೆ. ಕೈ ನಡುಗಿತು ನಿಜ. ಆದರೆ ರೀಸ್ಟಾರ್ಟ್ ಆದಾಗ ವಿಂಡೋಸ್ ಅದನ್ನು ತಾನೇ ಹುಡುಕಿ ಮತ್ತೆ ಹಾಕಿಕೊಳ್ಳುತ್ತದೆ. ನಂತರ ಶಟ್‌ಡೌನ್ ಮಾಡಿ, ಚಾರ್ಜರ್ ಕಿತ್ತು, ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿದೆ. ಒಳಗೆ ಉಳಿದ ವಿದ್ಯುತ್ ಇಳಿದು ಕಂಟ್ರೋಲರ್ ಹೊಸದಾಗಿ ಶುರುವಾಗಲಿ ಅಂತ. ಚಾರ್ಜರ್ ಹಾಕಿ ಆನ್ ಮಾಡಿದೆ. 38... 39... 40! ತಯಾರಕರ ಆ್ಯಪ್ ತೆರೆದು, ಚಾರ್ಜನ್ನು ಶೇ 80ಕ್ಕೇ ನಿಲ್ಲಿಸುವ ಮಿತಿ ಇದೆಯೇ ಎಂದೂ ನೋಡಿಕೊಂಡೆ. ಅದನ್ನು ನೋಡಿ ಕೆಟ್ಟುಹೋಯಿತೆಂದು ಗಾಬರಿಯಾಗುವವರೂ ಇದ್ದಾರೆ.

ಮರುದಿನ ಸಂದರ್ಶನ ಮುಗಿಯುವವರೆಗೂ ಕರೆಂಟ್ ಹೋಗಲೇ ಇಲ್ಲ! ಎರಡನೇ ಸುತ್ತಿಗೆ ಖುದ್ದಾಗಿ ಬರಲು ಹೇಳಿದ್ದಾರೆ. ಸೋಮವಾರ ಪೀಣ್ಯದಲ್ಲಿ ಹಸಿರು ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಿಸಬೇಕು. ಅವತ್ತಿಗೆ ರೂಮ್‌ಮೇಟ್‌ನ ಇಸ್ತ್ರಿ ಮಾಡಿದ ಬಿಳಿ ಅಂಗಿಯನ್ನು ಈಗಲೇ ಕೇಳಿಟ್ಟಿದ್ದೇನೆ.