ಹೊಸ ಫೋನಿನಲ್ಲಿ ಹಳೆಯ ಆಪ್ ಏಕೆ ನಡೆಯುವುದಿಲ್ಲ? ಲಿಂಕ್‌ನಲ್ಲಿ ಬರುವ 'ರಿಪೇರಿ' ಫೈಲ್ ಹಾಕಿಕೊಳ್ಳಬಹುದೇ?

ಹೊಸ ಫೋನ್ ಕೊಂಡಿದ್ದೀರಿ. ವರ್ಷಗಳಿಂದ ಅಂಗಡಿ ಲೆಕ್ಕ ಬರೆಯುತ್ತಿದ್ದ ಆಪ್ ಮಾತ್ರ ಅದರಲ್ಲಿ ಇನ್‌ಸ್ಟಾಲ್ ಆಗುತ್ತಿಲ್ಲ. ಫೋನ್ ನಕಲಿಯೇ? ವೈರಸ್ ಬಂದಿದೆಯೇ? "ಈ ಫೈಲ್ ಹಾಕಿಕೊಳ್ಳಿ, ಸರಿಹೋಗುತ್ತದೆ" ಎಂದು ಯಾರಾದರೂ ವಾಟ್ಸಾಪ್‌ನಲ್ಲಿ ಕಳಿಸಿದರೆ ನಂಬಬಹುದೇ? ಮೊದಲು ಫೋನಿನೊಳಗೆ ನಡೆಯುವುದೇನು ಎಂದು ನೋಡೋಣ.

32 ಬಿಟ್, 64 ಬಿಟ್ ಎಂದರೇನು?

ಇದು ಪ್ರೊಸೆಸರ್ ಒಮ್ಮೆಗೆ ಹಿಡಿಯುವ ಸಂಖ್ಯೆಯ ಉದ್ದ. 32 ಬಿಟ್‌ನಲ್ಲಿ ಸುಮಾರು 429 ಕೋಟಿ ವಿಳಾಸಗಳನ್ನಷ್ಟೇ ಬರೆಯಬಹುದು. ಹಾಗಾಗಿ ಒಂದು ಆಪ್‌ಗೆ 4 ಜಿಬಿಗಿಂತ ಹೆಚ್ಚು ಮೆಮೊರಿ ನೇರವಾಗಿ ಎಟುಕದು. 64 ಬಿಟ್‌ನಲ್ಲಿ ಈ ಮಿತಿಯಿಲ್ಲ. ಆದರೆ 64 ಬಿಟ್ ಎಂದಾಕ್ಷಣ ಫೋನಿನ ವೇಗ ಎರಡು ಪಟ್ಟಾಗುತ್ತದೆ ಎನ್ನುವುದು ತಪ್ಪು.

ನಡುವೆ ನಿಲ್ಲುವ ದುಭಾಷಿ

ಫೈಲ್ ಬರೆಯಲು, ಸಮಯ ತಿಳಿಯಲು ಆಪ್ ಕರ್ನಲ್ ಅನ್ನು ಕೇಳಬೇಕು. ಕರ್ನಲ್ ಎಂದರೆ ಆಪರೇಟಿಂಗ್ ಸಿಸ್ಟಂನ ತಿರುಳು. ಆಂಡ್ರಾಯ್ಡ್‌ನಲ್ಲಿ ಅದು ಲಿನಕ್ಸ್. ಪ್ರತಿ ಕೋರಿಕೆಗೂ ಒಂದು ಸಂಖ್ಯೆ ಇರುತ್ತದೆ. ಫೋನುಗಳ ಆರ್ಮ್ ಪ್ರೊಸೆಸರ್‌ನಲ್ಲಿ 'ಬರೆ' ಎನ್ನಲು 32 ಬಿಟ್ ಆಪ್ 4 ಎನ್ನುತ್ತದೆ, 64 ಬಿಟ್ ಆಪ್ 64 ಎನ್ನುತ್ತದೆ.

ಉತ್ತರದ ಅಳತೆಯೂ ಬೇರೆ. ಹಳೆಯ ಆಪ್ ಸಮಯ ಕೇಳುವಾಗ 8 ಬೈಟ್ ಜಾಗ ಇಟ್ಟಿರುತ್ತದೆ. 64 ಬಿಟ್ ಉತ್ತರಕ್ಕೆ 16 ಬೈಟ್ ಬೇಕು. ಹಾಗೆಯೇ ಕೊಟ್ಟರೆ ಕಾಲು ಲೀಟರ್ ಲೋಟಕ್ಕೆ ಅರ್ಧ ಲೀಟರ್ ಹಾಲು ಸುರಿದಂತೆ. ಚೆಲ್ಲಿದ ಭಾಗ ಪಕ್ಕದ ಮಾಹಿತಿಯನ್ನು ಅಳಿಸುತ್ತದೆ.

ಆದ್ದರಿಂದ ಹಳೆಯ ಆಪ್‌ಗಳಿಗಾಗಿ ಕರ್ನಲ್ ಬೇರೆಯೇ ಪಟ್ಟಿ ಇಟ್ಟುಕೊಂಡಿರುತ್ತದೆ. ಕೇಳಿದವರು ಯಾರೆಂದು ನೋಡಿ, ಅವರ ಅಳತೆಗೆ ತಕ್ಕಂತೆ ಉತ್ತರ ಬದಲಿಸಿ ಕೊಡುತ್ತದೆ. ಈ ವ್ಯವಸ್ಥೆಗೆ ಕಂಪ್ಯಾಟಿಬಿಲಿಟಿ ಲೇಯರ್ ಎನ್ನುತ್ತಾರೆ. ಹಳೆಯ ಆಪ್‌ಗಳು ಇಷ್ಟು ವರ್ಷ ನಡೆದದ್ದು ಇದರಿಂದಲೇ.

ಈಗೇಕೆ ನಿಂತಿತು?

ದುಭಾಷಿಯನ್ನು ಸಾಕಲು ಖರ್ಚಿದೆ. ಹಳೆಯ ಆಪ್‌ಗಳಿಗಾಗಿ ಆಂಡ್ರಾಯ್ಡ್ ಇನ್ನೊಂದು ಜೊತೆ ಲೈಬ್ರರಿಗಳನ್ನೂ ಇಟ್ಟುಕೊಳ್ಳಬೇಕು. ಆಪಲ್ 2017ರ ಐಒಎಸ್ 11ರಿಂದಲೇ 32 ಬಿಟ್ ಆಪ್‌ಗಳನ್ನು ಕೈಬಿಟ್ಟಿತು. 2022ರಲ್ಲಿ ಬಂದ ಗೂಗಲ್ ಪಿಕ್ಸೆಲ್ 7 ಕೂಡ 64 ಬಿಟ್ ಆಪ್‌ಗಳನ್ನಷ್ಟೇ ನಡೆಸುತ್ತದೆ. 32 ಬಿಟ್ ಆದೇಶಗಳೇ ಅರ್ಥವಾಗದ ಪ್ರೊಸೆಸರ್‌ಗಳೂ ಬಂದಿವೆ.

ನಾವು ಏನು ಮಾಡಬೇಕು?

ಲಿಂಕ್‌ನಲ್ಲಿ ಬಂದ ಎಪಿಕೆ ಫೈಲ್ ಒಂದು ಆಪ್ ಅಷ್ಟೇ. ಅದು ಕರ್ನಲ್‌ಗೆ ದುಭಾಷಿಯನ್ನು ಸೇರಿಸಲಾರದು. ಬದಲಿಗೆ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳಬಹುದು. ಕೊಟ್ಟರೆ ನಿಮ್ಮ ಒಟಿಪಿ ಪರರ ಪಾಲು. ಆಪ್ ತಯಾರಿಸಿದವರು 64 ಬಿಟ್ ಆವೃತ್ತಿ ಕೊಟ್ಟಿದ್ದಾರೆಯೇ ಎಂದು ಪ್ಲೇ ಸ್ಟೋರ್‌ನಲ್ಲೇ ನೋಡಿ. ಇಲ್ಲದಿದ್ದರೆ, ಹಳೆಯ ಫೋನ್ ಮಾರುವ ಮೊದಲು ಅದರಲ್ಲಿರುವ ಲೆಕ್ಕ, ಫೋಟೋಗಳನ್ನು ಬೇರೆಡೆ ಉಳಿಸಿಕೊಳ್ಳಿ. ಈಗಾಗಲೇ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೀರ್ಮಾನ: ಫೋನ್ ಕೆಟ್ಟಿಲ್ಲ, ವೈರಸ್ಸೂ ಬಂದಿರಬೇಕಿಲ್ಲ. ಆಪ್‌ನ ಭಾಷೆ ಹಳೆಯದಾಗಿರಬಹುದು. 'ರಿಪೇರಿ' ಫೈಲ್ ಮಾತ್ರ ಹಾಕಿಕೊಳ್ಳಬೇಡಿ, ಫಾರ್ವರ್ಡ್ ಕೂಡ ಮಾಡಬೇಡಿ.